ಕಾರಕೂನನ ಹಾಡು, ಗೆಳೆಯರ ಯಂತ್ರ

ವಿರಹಗೀತವೆಂದರೇನೆಂಬುದನ್ನು ಪುಣೆಯ ಕನ್ನಡಿಗರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾದುದಿಲ್ಲ. ಕುಂದಗೋಳದ ರಾಮಭಾವೂ, ಅರ್ಥಾತ್ ಸವಾಯಿ ಗಂಧರ್ವರು, 1952ರಲ್ಲಿ ಈ ಊರಿನಲ್ಲಿಯೇ ದೇಹವಿಟ್ಟರು. ಮರುವರ್ಷದಿಂದ ಅವರ ಹೆಸರಿನಲ್ಲಿ ಶಿಷ್ಯರಾದ ಗದುಗಿನ ಭೀಮಸೇನ ಜೋಶಿಯವರು ನಡೆಸಿಕೊಂಡು ಬಂದ ಸಂಗೀತೋತ್ಸವದಲ್ಲಿ, ಚಳಿಯ ರಾತ್ರಿ ಶಾಲು ಹೊದ್ದು ಕುಳಿತು, ಬಾರದ ನಲ್ಲನ ದುಃಖವನ್ನು ಗಂಟೆಗಟ್ಟಲೆ ಕೇಳಿದವರು ನಮ್ಮವರಲ್ಲಿ ಅನೇಕರಿದ್ದಾರೆ. ಬೆಳಗಿನ ಐದಕ್ಕೆ ಒಲೆ ಹೊತ್ತಿಸಬೇಕಾದವರೂ ಅವರಲ್ಲಿದ್ದರು.

ಆದರೆ ಇದೇ ಊರಿನಲ್ಲಿ 2010ರಲ್ಲಿ ಇನ್ನೊಂದು ಉತ್ಸವವೂ ಹುಟ್ಟಿತು. ಎನ್.ಎಚ್.7 ವೀಕೆಂಡರ್ ಎಂದು ಅದರ ಹೆಸರು. ಅಲ್ಲಿ ತಂಬೂರಿಯಿಲ್ಲ, ವಿದ್ಯುತ್ತಿನ ಗಿಟಾರುಗಳು, ಗುಂಡಿ ಒತ್ತಿದರೆ ತಾನೇ ತಾಳ ಹಾಕುವ ಪೆಟ್ಟಿಗೆಗಳು, ಎದೆಗೂಡನ್ನು ನಡುಗಿಸುವ ಧ್ವನಿವರ್ಧಕಗಳು. ಕಾಲೇಜಿನ ಹುಡುಗರು ಸಾವಿರಗಟ್ಟಲೆ ನೆರೆದು ಕುಣಿದರು. ನಮ್ಮ ಹಿರಿಯರಲ್ಲಿ ಕೆಲವರು ಇದನ್ನು ಗದ್ದಲವೆಂದು ತಳ್ಳಿಹಾಕಿದ್ದುಂಟು. ಗದ್ದಲ ಹೌದು. ಆದರೆ ಆ ಗದ್ದಲದೊಳಗೆ ಹಾಡುತ್ತಿರುವ ವಸ್ತು ಯಾವುದೆಂದು ಕಿವಿಗೊಟ್ಟು ಕೇಳಿದರೆ, ಹತ್ತರಲ್ಲಿ ಏಳು ಪಾಲು ಅದೇ ಹಳೆಯ ವಸ್ತು: ಒಲಿದವರು ಬಿಟ್ಟುಹೋದದ್ದು, ಇಲ್ಲವೇ ಒಲವು ಇದ್ದೂ ಜೊತೆಯಾಗಿ ಬಾಳಲಾಗದ್ದು. ನಮ್ಮ ಪುಣೆಯವರೇ ಆದ ‘ಅಗ್ನಿ’ ಎಂಬ ಮೇಳದವರ ‘ಆಹಟೇಂ’ ಎಂಬ ಹಿಂದಿ ಹಾಡನ್ನು ನಮ್ಮ ಮಾಣಿಗಳೂ ಗುನುಗುತ್ತಿದ್ದುದನ್ನು ನಾವು ಕೇಳಿದ್ದೇವೆ. ಮುಂಬಯಿಯ ‘ಪೆಂಟಗ್ರಾಂ’ ಮೇಳವು 1990ರ ದಶಕದಲ್ಲಿ ಬರಿಯ ಗಿಟಾರಿನಿಂದ ಆರಂಭಿಸಿ ಮುಂದೆ ಯಂತ್ರವಾದ್ಯಗಳ ಕಡೆಗೆ ಹೊರಳಿತು. ಅದರ ಗಾಯಕ ವಿಶಾಲ್ ದದ್ಲಾನಿಯೂ ಆತನ ಜೊತೆಗಾರ ಶೇಖರನೂ ಸೇರಿ ನಡೆಸಿದ ಕಂಪನಿಯಿಂದಲೇ 2008ರಲ್ಲಿ ಮೈಸೂರಿನ ರಘು ದೀಕ್ಷಿತರ ಮೊದಲ ಮುದ್ರಿಕೆ ಹೊರಬಂದು, ಶಿಶುನಾಳ ಶರೀಫರ ಪದಗಳು ಗಿಟಾರಿನೊಡನೆ ಲಂಡನ್ನಿನ ತನಕ ಹೋದವು. ಹೀಗೆ ಎಲ್ಲಿಯದೋ ಎಳೆ ಎಲ್ಲಿಗೋ ಕೂಡುತ್ತದೆ.

ಈ ಎಳೆಗಳೆಲ್ಲ ಹೊರಟ ಮೂಲದ ಮನೆಗಳಲ್ಲಿ ಒಂದನ್ನು ಇಂದು ಓದುಗರಿಗೆ ಪರಿಚಯಿಸಬೇಕೆಂದು ನಮ್ಮ ಅಪೇಕ್ಷೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ‘ನ್ಯೂ ಆರ್ಡರ್’ ಎಂಬ ಮೇಳವದು. ಅದನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಅದನ್ನು ಕಟ್ಟಿದವರು ಸಂಗೀತಗಾರರ ಮನೆತನದವರಲ್ಲ. ನಮ್ಮ ಓದುಗರಂತೆಯೇ ಕಚೇರಿಗಳಲ್ಲಿ ಕಾರಕೂನಿಕೆ ಮಾಡುತ್ತಿದ್ದವರು. ಮುಂದೆ ಅವರು ಒಂದು ಉದ್ಯಮವನ್ನೂ ನಡೆಸಿದರು. ಅದರ ಲೆಕ್ಕವನ್ನು ಹೋಟೆಲಿನವರು ಓದಿದರೆ ತಲೆಯ ಮೇಲೆ ಕೈಯಿಟ್ಟುಕೊಳ್ಳುವರು.

ಮ್ಯಾಂಚೆಸ್ಟರೆಂದರೆ ಹತ್ತಿಯ ಊರು. ಒಂದು ಕಾಲದಲ್ಲಿ ಅಲ್ಲಿಯ ಗಿರಣಿಗಳ ಬಟ್ಟೆ ನಮ್ಮ ನೇಕಾರರ ಹೊಟ್ಟೆಯ ಮೇಲೆ ಹೊಡೆದಿತ್ತು. ಇಪ್ಪತ್ತನೆಯ ಶತಮಾನದ ನಡುವಿಗೆ ಬರುವಷ್ಟರಲ್ಲಿ ಆ ಗಿರಣಿಗಳೇ ಬಾಗಿಲು ಹಾಕತೊಡಗಿದ್ದವು. ಹೊಗೆ ಕುಡಿದು ಕಪ್ಪಾದ ಇಟ್ಟಿಗೆಯ ಕಟ್ಟಡಗಳು, ಕೆಡವಿದ ಕೇರಿಗಳು, ಕೆಲಸವಿಲ್ಲದ ತರುಣರು. ಮುಂಬಯಿಯ ಪರೇಲ್, ಲಾಲ್‌ಬಾಗ್‌ಗಳನ್ನೂ ಸೊಲ್ಲಾಪುರವನ್ನೂ ಬಲ್ಲವರಿಗೆ ಈ ಚಿತ್ರವನ್ನು ಹೆಚ್ಚು ಬಣ್ಣಿಸಬೇಕಾಗಿಲ್ಲ. ಅಲ್ಲಿಯೇ ಸಾಲ್‌ಫರ್ಡಿನ ಶಾಲೆಯಲ್ಲಿ ಬರ್ನಾರ್ಡ್ ಸಮ್ನರ್ ಮತ್ತು ಪೀಟರ್ ಹುಕ್ ಎಂಬ ಇಬ್ಬರು ಸಹಪಾಠಿಗಳಿದ್ದರು. ಶಾಲೆ ಮುಗಿದ ಮೇಲೆ ಸಮ್ನರ್ ಪುರಸಭೆಯ ಕಚೇರಿಯಲ್ಲಿ ತೆರಿಗೆಯ ಲಕೋಟೆಗಳನ್ನು ಅಂಟಿಸುವ ಕೆಲಸಕ್ಕೆ ಸೇರಿದನು. ಹುಕ್ ಹಡಗು ಕಾಲುವೆಯ ಕಂಪನಿಯಲ್ಲಿದ್ದನು. 1976ರ ಜೂನ್ 4ರಂದು ‘ಸೆಕ್ಸ್ ಪಿಸ್ಟಲ್ಸ್’ ಎಂಬ ಪುಂಡು ಮೇಳವೊಂದು ಆ ಊರಿಗೆ ಬಂದು ಹಾಡಿತು. ಸಭಿಕರು ಬಹಳ ಮಂದಿಯಿರಲಿಲ್ಲ. ವಾದ್ಯವನ್ನು ಸರಿಯಾಗಿ ಬಾರಿಸಲು ಬಾರದ ಇವರೇ ರಂಗವೇರಬಹುದಾದರೆ ನಾವೇಕೆ ಏರಬಾರದೆಂದು ಈ ಇಬ್ಬರಿಗೂ ಅನ್ನಿಸಿತು. ಹುಕ್ ತಾಯಿಯಿಂದ ಸಾಲ ಪಡೆದು ಬೇಸ್ ಗಿಟಾರೊಂದನ್ನು ಕೊಂಡನು. ಕಲಿತದ್ದೆಲ್ಲ ಆಮೇಲೆ.

ಇವರನ್ನು ಕೂಡಿಕೊಂಡ ಗಾಯಕನೇ ಇಯಾನ್ ಕರ್ಟಿಸ್. 1956ರಲ್ಲಿ ಹುಟ್ಟಿದವನು, ಮ್ಯಾಕಲ್ಸ್‌ಫೀಲ್ಡ್ ಎಂಬ ಸಣ್ಣ ಊರಿನವನು, ಹತ್ತೊಂಬತ್ತನೆಯ ವಯಸ್ಸಿಗೇ ಮದುವೆಯಾದವನು. ಆತನ ಉದ್ಯೋಗ ಸರಕಾರದ ಉದ್ಯೋಗ ವಿನಿಮಯ ಕಚೇರಿಯಲ್ಲಿ ಅಂಗವಿಕಲರಿಗೂ ರೋಗಿಷ್ಟರಿಗೂ ಕೆಲಸ ಹುಡುಕಿಕೊಡುವುದು. ಹಗಲು ಮೇಜಿನ ಆಚೆ ಕುಳಿತವರ ಕಷ್ಟವನ್ನು ಅರ್ಜಿಯಲ್ಲಿ ತುಂಬುವುದು, ರಾತ್ರಿ ಕಾಗದದ ಮೇಲೆ ಪದ ಕಟ್ಟುವುದು. ಅಪಸ್ಮಾರದ ಬೇನೆಯಿದ್ದ ತರುಣಿಯೊಬ್ಬಳು ಕೆಲಸ ಕೇಳಿಕೊಂಡು ಆತನ ಕಚೇರಿಗೆ ಬರುತ್ತಿದ್ದಳು. ಕೆಲವು ದಿನ ಬರಲಿಲ್ಲ. ಬೇನೆ ಬಂದು ತೀರಿಕೊಂಡಳೆಂದು ಆಮೇಲೆ ತಿಳಿಯಿತು. ಅವಳ ಮೇಲೆ ಆತನು ಬರೆದ ಹಾಡು ಪ್ರಸಿದ್ಧವಾಗಿದೆ. ಅದೇ ಬೇನೆ 1978ರ ಕೊನೆಯಲ್ಲಿ ಆತನನ್ನೂ ಹಿಡಿಯಿತು.

ಮೇಳಕ್ಕೆ ‘ಜಾಯ್ ಡಿವಿಷನ್’ ಎಂದು ಹೆಸರಾಯಿತು. ಸ್ಟೀಫನ್ ಮಾರಿಸ್ ಎಂಬುವನು ತಾಳಕ್ಕೆ ನಿಂತನು. 1979ರಲ್ಲಿ ಮೊದಲ ಮುದ್ರಿಕೆ ಬಂದಿತು. ಅದೇ ವರ್ಷ ಕರ್ಟಿಸನಿಗೆ ಹೆಣ್ಣುಮಗು ಹುಟ್ಟಿತು; ಅದೇ ವರ್ಷ ಆತನು ಸರಕಾರೀ ಕೆಲಸವನ್ನು ಬಿಟ್ಟನು; ಬೇನೆಯೂ ಬಲಿಯಿತು. ರಂಗದ ಮೇಲೆಯೇ ಬೇನೆ ಬಂದು ಬೀಳುತ್ತಿದ್ದನು; ಸಭಿಕರು ಅದನ್ನು ಕುಣಿತದ ಭಾಗವೆಂದು ತಿಳಿದು ಚಪ್ಪಾಳೆ ತಟ್ಟುತ್ತಿದ್ದುದುಂಟು. ಮನೆಯಲ್ಲಿ ಹೆಂಡತಿ ಮಗು, ಪ್ರವಾಸದಲ್ಲಿ ಇನ್ನೊಬ್ಬಳ ಮೇಲೆ ಮನಸ್ಸು. ಎರಡನ್ನೂ ಬಿಡಲಾರ, ಎರಡನ್ನೂ ಹಿಡಿಯಲಾರ. ಆ ಇಕ್ಕಟ್ಟಿನಿಂದ ಬಂದ ಹಾಡೇ ‘ಲವ್ ವಿಲ್ ಟೇರ್ ಅಸ್ ಅಪಾರ್ಟ್’. ನಮ್ಮ ಮಾತಿನಲ್ಲಿ ಹೇಳುವುದಾದರೆ, ಒಲವೇ ನಮ್ಮಿಬ್ಬರನ್ನು ಹರಿದುಹಾಕುವುದು ಎಂದು. ದ್ವೇಷ ಹರಿಯುವುದನ್ನು ಎಲ್ಲರೂ ಹಾಡಿದ್ದಾರೆ. ಒಲವು ಹರಿಯುವುದನ್ನು ಹೀಗೆ ಹಾಡಿದವರು ವಿರಳ. ಒಂದೇ ಮನೆಯಲ್ಲಿ, ಒಂದೇ ಹಾಸಿಗೆಯಲ್ಲಿ ಮುಖ ತಿರುಗಿಸಿ ಮಲಗಿದ ಇಬ್ಬರ ನಡುವಿನ ಚಳಿಯ ಹಾಡು ಅದು. ವಿಶೇಷವೇನೆಂದರೆ, ಅದರ ಮಟ್ಟು ಶೋಕದ ಮಟ್ಟಲ್ಲ. ಯಂತ್ರವಾದ್ಯದ ಮೇಲೆ ಬರುವ ಆ ಸ್ವರಪಂಕ್ತಿಯನ್ನು ಕೇಳಿದರೆ ಮದುವೆಯ ದಿಬ್ಬಣಕ್ಕೂ ಒಪ್ಪೀತು.

ಮೇಳವು ಅಮೆರಿಕಾ ಪ್ರವಾಸಕ್ಕೆ ಹೊರಡುವುದು 1980ರ ಮೇ 19ರಂದೆಂದು ನಿಶ್ಚಯವಾಗಿತ್ತು. ಅದರ ಹಿಂದಿನ ದಿನ, ಮೇ 18ರಂದು, ಕರ್ಟಿಸ್ ತನ್ನ ಮನೆಯಲ್ಲಿ ತನ್ನ ಜೀವವನ್ನು ತಾನೇ ತೆಗೆದುಕೊಂಡನು. ವಯಸ್ಸು ಇಪ್ಪತ್ತಮೂರು. ಹಾಡು ಮರುತಿಂಗಳು ಮಾರಾಟಕ್ಕೆ ಬಂದು ಇಂಗ್ಲೆಂಡಿನ ಪಟ್ಟಿಯಲ್ಲಿ ಹದಿಮೂರನೆಯ ಸ್ಥಾನವನ್ನು ಪಡೆಯಿತು. ಆ ಶೀರ್ಷಿಕೆಯನ್ನೇ ಪತ್ನಿ ಡೆಬೊರಾ ಆತನ ಸ್ಮಾರಕಶಿಲೆಯ ಮೇಲೆ ಕೆತ್ತಿಸಿದಳು. 2008ರಲ್ಲಿ ಯಾರೋ ಆ ಕಲ್ಲನ್ನೂ ಕದ್ದೊಯ್ದರು, ಬೇರೊಂದನ್ನು ನೆಡಬೇಕಾಯಿತು.

ಇಲ್ಲಿ ನಮ್ಮನ್ನು ಬಹುಕಾಲ ಕಾಡಿದ ಸಂಗತಿಯೊಂದಿದೆ. ಆತನ ಗೆಳೆಯರು ದಿನವೂ ಆತನ ಜೊತೆಯಲ್ಲಿಯೇ ಇದ್ದವರು, ಒಂದೇ ವಾಹನದಲ್ಲಿ ಓಡಾಡಿದವರು, ಆ ಹಾಡುಗಳಿಗೆ ವಾದ್ಯ ನುಡಿಸಿದವರು. ಪದಗಳ ಅರ್ಥಕ್ಕೆ ತಾವು ಗಮನ ಕೊಟ್ಟಿರಲಿಲ್ಲವೆಂದೂ, ಅದೆಲ್ಲ ಕವಿಕಲ್ಪನೆಯೆಂದು ತಿಳಿದಿದ್ದೆವೆಂದೂ ಅವರು ಮುಂದೆ ಅನೇಕ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಹೇಳುವವನು ಧ್ವನಿವರ್ಧಕ ಹಿಡಿದು ಸಾವಿರ ಜನರೆದುರು ಹೇಳುತ್ತಿದ್ದನು. ಕೇಳಲಿಲ್ಲ. ಅವರನ್ನು ದೂರುವುದು ಸುಲಭ. ಇಪ್ಪತ್ತೆರಡರಿಂದ ಇಪ್ಪತ್ತನಾಲ್ಕು ವರ್ಷದ ಹುಡುಗರು ಅವರು.

ನಮ್ಮ ಹೋಟೆಲುಗಳ ಮಾಳಿಗೆಯ ಕೋಣೆಗಳಲ್ಲಿಯೂ ಹುಡುಗರು ಸಾಲಾಗಿ ಮಲಗುತ್ತಾರೆ. ಒಬ್ಬೊಬ್ಬನ ಕಿವಿಯಲ್ಲಿಯೂ ಒಂದೊಂದು ತಂತಿ. ಹಿಂದೆ ರೇಡಿಯೊ ಒಂದೇ ಇದ್ದಾಗ ಒಬ್ಬನ ದುಃಖದ ಹಾಡನ್ನು ಹತ್ತು ಮಂದಿ ಕೇಳಬೇಕಾಗುತ್ತಿತ್ತು. ಈಗ ಪಕ್ಕದ ಚಾಪೆಯವನಿಗೂ ತಿಳಿಯದು. ನಾವು ಗಲ್ಲೆಯ ಮೇಲೆ ಕುಳಿತಿದ್ದ ಕಾಲದಲ್ಲಿ ಕುಂದಾಪುರದ ಕಡೆಯ ಹುಡುಗನೊಬ್ಬನಿದ್ದನು. ಊರಿನಲ್ಲಿ ಒಪ್ಪಿದ್ದ ಹುಡುಗಿಗೆ ಬೇರೆ ಕಡೆ ಮದುವೆಯಾಯಿತೆಂಬ ಸುದ್ದಿ ಬಂದ ಮೇಲೆ ಆತನು ಊಟ ಬಿಟ್ಟನು, ಒಂದೇ ಹಾಡನ್ನು ರಾತ್ರಿಯೆಲ್ಲ ಹಾಕಿಕೊಂಡು ಕುಳಿತನು. ನಮ್ಮ ಅಡಿಗೆಯ ಭಟ್ಟರು ಹೆಚ್ಚು ಮಾತಿನವರಲ್ಲ. ಮೂರನೆಯ ರಾತ್ರಿ ಕೋಣೆಯ ಬಾಗಿಲಲ್ಲಿ ನಿಂತು, “ಎಂಥದು ಮಾರಾಯ, ಅದೇ ಪದ್ಯ ಎಷ್ಟು ಸಲ? ಬಾ, ನಾಳೆಗೆ ಕಾಯಿ ಹೆರೆ” ಎಂದರು. “ಏನಿಲ್ಲ ಭಟ್ರೇ” ಎಂದನು. “ಏನಿಲ್ಲದಿದ್ದರೆ ಹೆರೆಯಲಿಕ್ಕೆ ಏನು?” ಎಂದರು. ಇಬ್ಬರೂ ಬೆಳಗಿನ ಜಾವದ ತನಕ ಅಡಿಗೆಮನೆಯಲ್ಲಿ ಕುಳಿತರು. ಏನು ಮಾತಾಡಿದರೋ ನಾವು ಕೇಳಲಿಲ್ಲ. ಮರುದಿನ ಚಟ್ನಿಗೆ ಬೇಕಾದುದಕ್ಕಿಂತ ಮೂರು ಪಾಲು ಕಾಯಿ ಹೆರೆದಿತ್ತು. ಆ ಹುಡುಗನು ಈಗ ಚಿಂಚವಾಡದ ಕಡೆ ಸ್ವಂತ ಕ್ಯಾಂಟೀನು ನಡೆಸುತ್ತಿದ್ದಾನೆ. ಎಲ್ಲ ಕೋಣೆಗಳಲ್ಲಿಯೂ ಇಂತಹ ಭಟ್ಟರು ಇರುವುದಿಲ್ಲವಾದ ಕಾರಣ ಇನ್ನೊಂದು ಮಾತು: ಕೇಂದ್ರ ಸರಕಾರವು 2022ರಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಎಂಬ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಹಗಲಿರುಳು ಮಾತನಾಡಬಹುದು, ಕಾಸು ಖರ್ಚಿಲ್ಲ, ಕನ್ನಡದಲ್ಲಿಯೂ ಮಾತನಾಡಬಹುದು. ಚಾಪೆಯ ಪಕ್ಕದವನಿಗಾಗಿ ಈ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ನಷ್ಟವಿಲ್ಲ.

ಇರಲಿ. ಉಳಿದ ಮೂವರ ಕಥೆಗೆ ಬರೋಣ. ತಮ್ಮಲ್ಲಿ ಒಬ್ಬನು ಹೋದರೂ ಹಳೆಯ ಹೆಸರನ್ನು ಬಳಸಕೂಡದೆಂದು ಅವರು ಮೊದಲೇ ಮಾತು ಮಾಡಿಕೊಂಡಿದ್ದರು. ಅದರಂತೆ ನಡೆದು ‘ನ್ಯೂ ಆರ್ಡರ್’ ಎಂದು ಹೆಸರಿಟ್ಟುಕೊಂಡರು. ಮಾರಿಸನ ಗೆಳತಿ, ಮುಂದೆ ಪತ್ನಿ, ಗಿಲಿಯನ್ ಗಿಲ್ಬರ್ಟ್ ಕೀಬೋರ್ಡಿಗೆ ಬಂದು ಕೂಡಿಕೊಂಡಳು. ಹಾಡುವವರು ಯಾರು? ಮೂವರೂ ಪ್ರಯತ್ನಿಸಿದರು. ಕೊನೆಗೆ ಆ ಹೊರೆ ಸಮ್ನರನ ಮೇಲೆ ಬಿದ್ದಿತು. ಆತನ ಕಂಠ ದೊಡ್ಡ ಕಂಠವೇನಲ್ಲ. ಸ್ನಾನದ ಕೋಣೆಯಲ್ಲಿ ಹಾಡಿಕೊಳ್ಳುವವನ ಕಂಠ. ಆದರೆ ದುಃಖವನ್ನು ಹೇಳಲು ದೊಡ್ಡ ಕಂಠವೇ ಬೇಕೆಂಬ ನಿಯಮವಿಲ್ಲವೆಂಬುದನ್ನು ನಾವು ಆತನಿಂದ ತಿಳಿದೆವು.

ಅಮೆರಿಕಾಕ್ಕೆ ಹೋದ ಅವರು ನ್ಯೂಯಾರ್ಕಿನ ನೃತ್ಯಶಾಲೆಗಳಲ್ಲಿ ಯಂತ್ರದ ತಾಳವನ್ನು ಕೇಳಿ ಬೆರಗಾದರು. ಊರಿಗೆ ಬಂದು, ಬಿಡಿಭಾಗಗಳನ್ನು ತರಿಸಿ ಸಮ್ನರ್ ತಾನೇ ಜೋಡಿಸಿದ ಸ್ವರಕ್ರಮದ ಪೆಟ್ಟಿಗೆಯೊಂದನ್ನೂ, ಕೊಂಡು ತಂದ ತಾಳಯಂತ್ರವೊಂದನ್ನೂ ಕೂಡಿಸಿ 1983ರ ಮಾರ್ಚಿನಲ್ಲಿ ‘ಬ್ಲೂ ಮಂಡೇ’ ಎಂಬ ಹಾಡನ್ನು ಹೊರತಂದರು. ಏಳೂವರೆ ನಿಮಿಷದ ಹಾಡು. ಗಿಲ್ಬರ್ಟ್ ಸ್ವರಕ್ರಮವನ್ನೆಲ್ಲ ಕಾಗದದ ಹಾಳೆಗಳ ಮೇಲೆ ಬರೆದು ಒಂದಕ್ಕೊಂದು ಅಂಟಿಸಿದಾಗ ಅದು ಕೋಣೆಯುದ್ದವಾಯಿತಂತೆ. ನಕಲು ಮಾಡುವಾಗ ಒಂದು ಸ್ವರ ಬಿಟ್ಟುಹೋಗಿ ರಾಗವು ತಾಳದಿಂದ ಕೊಂಚ ಸರಿಯಿತಂತೆ. ಖಾತೆಯಲ್ಲಿ ಒಂದು ಅಂಕೆ ತಪ್ಪಿದರೆ ಕಾರಕೂನನ ಕೆಲಸ ಹೋದೀತು. ಇಲ್ಲಿ ಆ ತಪ್ಪೇ ಹಾಡಿನ ಸೊಗಸಾಯಿತು. ಹನ್ನೆರಡು ಅಂಗುಲದ ಏಕಗೀತದ ತಟ್ಟೆಗಳಲ್ಲಿ ಲೋಕದಲ್ಲೆಲ್ಲ ಅತ್ಯಧಿಕವಾಗಿ ಮಾರಾಟವಾದುದು ಇದೇ ಎಂದು ಪ್ರಸಿದ್ಧಿ.

ಹಾಡಿನ ವಸ್ತುವೇನು? ತನ್ನನ್ನು ಕ್ರೂರವಾಗಿ ನಡೆಸಿಕೊಂಡವರ ಎದುರು ನಿಂತು, ಇನ್ನೂ ಏನು ಹೇಳಬೇಕೆಂದು ತಿಳಿಯದವನ ಮಾತು. ಅಳುವಿಲ್ಲ, ಕೂಗಿಲ್ಲ. ಕೆಳಗೆ ತಾಳಯಂತ್ರವು ದಯೆದಾಕ್ಷಿಣ್ಯವಿಲ್ಲದೆ ಬಡಿಯುತ್ತಲೇ ಇರುತ್ತದೆ. ಯಂತ್ರದ ತಾಳದಲ್ಲಿ ಭಾವವಿಲ್ಲವೆಂದು ಆಕ್ಷೇಪಿಸುವವರಿಗೆ ನಮ್ಮದೊಂದು ಮಾತು: ಊರಿನಿಂದ ಸಾವಿನ ಸುದ್ದಿ ಬಂದ ಬೆಳಗಿನಲ್ಲಿಯೂ ಇಡ್ಲಿಯ ಹಂಡೆ ಆವಿ ಬಿಡುತ್ತಲೇ ಇರುತ್ತದೆ, ನಾಲ್ಕನೆಯ ಮೇಜಿನವರು ಚಹಾ ಕೇಳುತ್ತಲೇ ಇರುತ್ತಾರೆ. ಎದೆಯೊಡೆದವನು ಆ ತಾಳದ ಮೇಲೆಯೇ ನಡೆಯಬೇಕು. ಭೀಮಸೇನ ಜೋಶಿಯವರ ವಿಲಂಬಿತದಲ್ಲಿ ಲೋಕವೇ ದುಃಖಿತನಿಗಾಗಿ ನಿಂತು ಕಾಯುತ್ತದೆ. ಈ ಹಾಡಿನಲ್ಲಿ ಕಾಯುವುದಿಲ್ಲ. ಎರಡೂ ನಿಜವೇ.

1986ರ ‘ಬಿಜಾರ್ ಲವ್ ಟ್ರಯಾಂಗಲ್’ ನಮಗೆ ಇದಕ್ಕಿಂತಲೂ ಪ್ರಿಯ. ತಾನು ಹೇಳಲಾರದ ಮಾತನ್ನು ಎದುರಿನವರೇ ಮೊದಲು ಹೇಳಲಿ ಎಂದು ಕಾಯುವವನ ಹಾಡು. ಬಸ್‌ಸ್ಟ್ಯಾಂಡಿನಲ್ಲಿ, ಕಾಲೇಜಿನ ಗೇಟಿನಲ್ಲಿ ಹೀಗೆ ಕಾದು ಕೆಟ್ಟವರು ನಮ್ಮಲ್ಲಿ ಎಷ್ಟು ಮಂದಿ! 1987ರ ‘ಟ್ರೂ ಫೇತ್’, 1993ರ ‘ರಿಗ್ರೆಟ್’ ಇವೂ ಕೇಳತಕ್ಕವು. 1990ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ತಂಡಕ್ಕಾಗಿ ಅವರು ಮಾಡಿದ ಹಾಡು ಪಟ್ಟಿಯ ತುದಿಗೇರಿದ ಅವರ ಒಂದೇ ಏಕಗೀತವೆಂಬುದು ವಿಚಿತ್ರ. ಅದರಲ್ಲಿ ನಮಗೆ ಹುರುಳು ಕಾಣಲಿಲ್ಲ.

ಇನ್ನು ಲೆಕ್ಕದ ಮಾತು. ಅವರ ಮುದ್ರಿಕೆಗಳನ್ನು ತಂದವರು ಟೋನಿ ವಿಲ್ಸನ್ ಮೊದಲಾದವರ ‘ಫ್ಯಾಕ್ಟರಿ’ ಎಂಬ ಕಂಪನಿ. ‘ಬ್ಲೂ ಮಂಡೇ’ಯ ಹೊದಿಕೆಯನ್ನು ಪೀಟರ್ ಸ್ಯಾವಿಲ್ ಎಂಬ ಚಿತ್ರಗಾರನು ಕಂಪ್ಯೂಟರಿನ ಫ್ಲಾಪಿ ತಟ್ಟೆಯ ಆಕಾರದಲ್ಲಿ, ಅಲ್ಲಲ್ಲಿ ಕಾಗದ ಕತ್ತರಿಸಿ, ಬಹು ಸುಂದರವಾಗಿ ಮಾಡಿದನು. ಮೇಳದ ಹೆಸರನ್ನು ಅಕ್ಷರದಲ್ಲಿ ಬರೆಯದೆ ಬಣ್ಣದ ಗುರುತುಗಳಲ್ಲಿ ಅಡಗಿಸಿಟ್ಟನು. ಬೋರ್ಡಿನ ಮೇಲೆ ಹೋಟೆಲಿನ ಹೆಸರು ಬರೆಯದೆ ಬಾಗಿಲು ತೆರೆದಂತೆ. ಆ ಹೊದಿಕೆಗೆ ಬಿದ್ದ ಖರ್ಚಿನಿಂದ ಮೊದಮೊದಲು ಒಂದೊಂದು ತಟ್ಟೆ ಮಾರಿದಾಗಲೂ ಕೆಲವು ಪೆನ್ನಿ ಕೈಬಿಡುತ್ತಿತ್ತೆಂದು ಅವರೇ ಹೇಳಿಕೊಂಡಿದ್ದಾರೆ. ಮಾರಾಟ ಹೆಚ್ಚಿದಷ್ಟೂ ನಷ್ಟ ಹೆಚ್ಚು! ಇದನ್ನು ಓದಿದಾಗ ನಮಗೆ ನೆನಪಾದವರು ಈ ಊರಿನ ಬಾಲಗಂಧರ್ವರು. 1913ರಲ್ಲಿ ಹುಟ್ಟಿದ ಅವರ ಗಂಧರ್ವ ನಾಟಕ ಮಂಡಳಿಯಲ್ಲಿ ರಂಗದ ಮೇಲೆ ಬೆಲೆಬಾಳುವ ಶಾಲು ಸೀರೆಗಳು, ನಿಜವಾದ ಅತ್ತರು. ಪ್ರೇಕ್ಷಕರು ಧನ್ಯರು, ಮಂಡಳಿಯ ತಲೆಯ ಮೇಲೆ ಲಕ್ಷಾಂತರ ಸಾಲ. ಜಂಗಲಿ ಮಹಾರಾಜ ರಸ್ತೆಯಲ್ಲಿ ಅವರ ಹೆಸರಿನ ರಂಗಮಂದಿರದ ಮುಂದೆ ಹಾದುಹೋಗುವ ನಮ್ಮವರು ಇದನ್ನು ಬಲ್ಲರು.

ಇದು ಸಾಲದೆಂಬಂತೆ ಹಾಡುಗಳಿಂದ ಬಂದ ಹಣವನ್ನು ಸುರಿದು ಕಂಪನಿಯೂ ಮೇಳವೂ ಕೂಡಿ ಮ್ಯಾಂಚೆಸ್ಟರಿನಲ್ಲಿ ‘ಹಸಿಯೆಂಡ’ ಎಂಬ ನೃತ್ಯಶಾಲೆಯನ್ನು 1982ರ ಮೇ 21ರಂದು ತೆರೆದರು. ಮುಂಬಯಿಯ ಗಿರಣಿ ಮುಷ್ಕರವು ಅದೇ ವರ್ಷದ ಜನವರಿಯಲ್ಲಿ ಆರಂಭವಾಗಿ, ಪರೇಲಿನ ನಮ್ಮ ಖಾನಾವಳಿಗಳಲ್ಲಿ ಎಲೆ ಹಾಕುವುದು ಅರ್ಧಕ್ಕಿಳಿದಿದ್ದ ಕಾಲ ಅದು. ಗಿರಣಿಗಳು ಮುಚ್ಚಿದ ಊರಿನಲ್ಲಿ ಇವರು ಕಾರಖಾನೆಯಂತೆ ಕಾಣುವ ಕುಣಿತದ ಮನೆಯನ್ನು ಕಟ್ಟಿದರು. ಮೊದಲ ವರ್ಷಗಳಲ್ಲಿ ಜನವಿಲ್ಲದೆ ನಷ್ಟ. 1988ರ ಸುಮಾರಿಗೆ ಜನವೋ ಜನ, ಆಗಲೂ ನಷ್ಟ! ಕಾರಣವೇನೆಂದರೆ, ಬಂದವರು ಹೊರಗೆ ಮಾರುವವರಿಂದ ಮಾದಕ ಗುಳಿಗೆಗಳನ್ನು ಕೊಂಡು ನುಂಗಿ, ಒಳಗೆ ಮದ್ಯದ ಬದಲು ನೀರನ್ನು ಕುಡಿದು ಕುಣಿಯುತ್ತಿದ್ದರು. ಮೇಜುಗಳೆಲ್ಲ ತುಂಬಿವೆ, ಎಲ್ಲರೂ ನೀರನ್ನು ಮಾತ್ರ ಕುಡಿಯುತ್ತಿದ್ದಾರೆ ಎಂಬ ಸ್ಥಿತಿಯನ್ನು ಹೋಟೆಲಿನವರು ಕಲ್ಪಿಸಿಕೊಳ್ಳಲಿ. ಹಾಸ್ಯದ ಮಾತು ಇಲ್ಲಿಗೆ ಮುಗಿಯುತ್ತದೆ. 1989ರಲ್ಲಿ ಆ ಗುಳಿಗೆ ನುಂಗಿದ ಹದಿನಾರರ ಹುಡುಗಿಯೊಬ್ಬಳು ಸತ್ತಳು. ಮುಂದೆ ಗೂಂಡಾಗಳ ಗುಂಪುಗಳು ಬಾಗಿಲಿಗೆ ಬಂದವು. 1997ರಲ್ಲಿ ಶಾಲೆ ಮುಚ್ಚಿತು. ಕಟ್ಟಡವನ್ನು ಕೆಡವಿ ಆ ಜಾಗದಲ್ಲಿ ವಾಸದ ಮನೆಗಳನ್ನು ಕಟ್ಟಿದರು, ಹೆಸರು ಮಾತ್ರ ಅದೇ.

ಫ್ಯಾಕ್ಟರಿ ಕಂಪನಿ 1992ರಲ್ಲಿಯೇ ದಿವಾಳಿಯೆದ್ದಿತ್ತು. ಕೊಳ್ಳಲು ಬಂದ ಲಂಡನ್ನಿನ ದೊಡ್ಡ ಕಂಪನಿಯವರಿಗೆ ಕಾಗದಪತ್ರಗಳಲ್ಲಿ ಕಂಡದ್ದೇನು? ಹಾಡುಗಳ ಒಡೆತನವೆಲ್ಲ ಹಾಡಿದವರದು, ಕಂಪನಿಯದು ಏನೂ ಅಲ್ಲ ಎಂದು ವಿಲ್ಸನ್ ಮೊದಲೇ ಬರೆದುಕೊಟ್ಟಿದ್ದನು. ಆತನು ವ್ಯಾಪಾರಿಯಾಗಿ ಸೋತವನು. ಆದರೆ ಆ ಒಂದು ಹಾಳೆಯಿಂದ ಮೇಳದವರ ಹಾಡುಗಳು ಮೇಳದವರಿಗೇ ಉಳಿದವು. ಕೆಲಸಗಾರರ ಪಾಲನ್ನು ಕಾಗದದ ಮೇಲೆ ಬರೆದುಕೊಡುವ ಮಾಲಿಕರನ್ನು ನಮ್ಮ ವೃತ್ತಿಯಲ್ಲಿ ನಾವು ಹೆಚ್ಚಾಗಿ ಕಂಡಿಲ್ಲ.

ಮುಂದಿನದನ್ನು ಚುಟುಕಾಗಿ ಹೇಳಬಹುದು. 1993ರಲ್ಲಿ ಬೇರೆಯಾದರು, 1998ರಲ್ಲಿ ಮತ್ತೆ ಕೂಡಿದರು. 2007ರಲ್ಲಿ ಹುಕ್ ಹೊರನಡೆದನು. ಅದೇ ವರ್ಷ ವಿಲ್ಸನ್ ತೀರಿಕೊಂಡನು. ಕರ್ಟಿಸನ ಬದುಕಿನ ಮೇಲೆ, ಪತ್ನಿ 1995ರಲ್ಲಿ ಬರೆದ ಪುಸ್ತಕದ ಆಧಾರದಿಂದ, ‘ಕಂಟ್ರೋಲ್’ ಎಂಬ ಚಲನಚಿತ್ರವೂ ಅದೇ ವರ್ಷ ಬಂದಿತು. 2011ರಲ್ಲಿ ಉಳಿದವರು ಹುಕ್‌ನನ್ನು ಬಿಟ್ಟು ಅದೇ ಹೆಸರಿನಲ್ಲಿ ಮತ್ತೆ ರಂಗವೇರಿದರು. ಶಾಲೆಯ ಬೆಂಚಿನಿಂದ ಜೊತೆಯಾಗಿದ್ದ ಸಮ್ನರ್ ಮತ್ತು ಹುಕ್ ಪರಸ್ಪರ ಪುಸ್ತಕಗಳಲ್ಲಿ ಬೈದುಕೊಂಡರು. ಹೆಸರಿನ ಹಣದ ಪಾಲಿಗಾಗಿ ವಕೀಲರನ್ನು ಹಿಡಿದರು. 2017ರಲ್ಲಿ ರಾಜಿಯಾಯಿತು, ಸ್ನೇಹವಾಗಲಿಲ್ಲ. ಪಾಲುದಾರಿಕೆಯ ಹೋಟೆಲುಗಳು ಒಡೆದುದನ್ನು ಕಂಡವರಿಗೆ ಈ ಬಗೆ ಪರಿಚಿತವೇ.

ಹುಕ್ 2010ರಲ್ಲಿ ತನ್ನದೇ ಬೇರೆ ಮೇಳವನ್ನು ಕಟ್ಟಿಕೊಂಡು ಊರೂರು ತಿರುಗತೊಡಗಿದನು. ನ್ಯೂ ಆರ್ಡರ್‌ನವರೂ ತಮ್ಮ ದಾರಿಯಲ್ಲಿ ತಿರುಗಿದರು. ಎರಡು ಕಡೆಯವರೂ ಸಭೆಯ ಕೊನೆಗೆ, ದೀಪಗಳನ್ನು ಆರಿಸುವ ಮುನ್ನ, ಬಹುಮಟ್ಟಿಗೆ ಹಾಡಿಕೊಂಡು ಬಂದುದು ಒಂದೇ ಹಾಡನ್ನು. ಮ್ಯಾಕಲ್ಸ್‌ಫೀಲ್ಡಿನ ಕಾರಕೂನನು ಬರೆದುಕೊಟ್ಟ ಆ ಹಾಡನ್ನೇ.